ಉಂಗುರದ ಸಾಲು

ಮಾಂಟ್‌ಗಮರಿ, ಮಂಗಳವಾರ ಮಧ್ಯಾಹ್ನ

ಅಪ್ಪಾ,

ಕೈದಿಗಳ ಪರ ದುಡಿಯುವ ಸಂಸ್ಥೆಯ ಪ್ರಚಾರ ವಿಭಾಗದಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕಾಗ, "ಕಳ್ಳರಿಗೆ ಕಾಗದ ಬರ್ಕೊಡೋ ಕೆಲ್ಸಾನಾ?" ಎಂದು ನೀನು ನಕ್ಕಿದ್ದೆ. ಅಲ್ಲ. ಜೈಲಿನಿಂದ ಅವರು ಬರೆದ ಕಾಗದಗಳನ್ನು ನಾವು ಪ್ರಕಟಿಸುತ್ತೇವೆ. ಅದಕ್ಕೆ ಮೊದಲು ಎಲ್ಲ ಹೆಸರುಗಳಿಗೂ ಮಸಿ ಬಳಿಯುವುದು ನನ್ನ ಕೆಲಸ.

ಹೋದ ವಾರ ನೀನು ಕೆಲಸ ಮಾಡುವ ಜೈಲಿನಿಂದ ಒಂದು ಬಂತು. ಕಾವಲಿನವನು ಕೈಕೋಳ ಹಾಕಿದ್ದ ಕೈದಿಯ ದವಡೆ ಮುರಿದು, ಬಿದ್ದ ಮೇಲೂ ಪಕ್ಕೆಗೆ ಬೂಟಿನಿಂದ ಒದ್ದಿದ್ದಾನೆ. ಶುರು ಮಾಡುವ ಮುಂಚೆ ಮದುವೆಯ ಉಂಗುರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ತಡಿಯಪ್ಪ, ಇದಕ್ಕೆ ರಕ್ತ ಹತ್ತಬಾರ್ದು" ಅಂದನಂತೆ.

ಕಾವಲಿನವನ ಹೆಸರಿಗೆ ಮಸಿ ಬಳಿದೆ. ಅದು ನಮ್ಮದೇ ಮನೆತನದ ಹೆಸರು.

"ಈ ಉಂಗುರದ ಸಾಲು ಕಟ್ಟುಕತೆ ಥರ ಇದೆ ಕಣೇ, ತೆಗೆದ್ಬಿಡು" ಎಂದಳು ನನ್ನ ಮೇಲಧಿಕಾರಿ ಮಾರ್ಗೋ. ಬೇಡ ಎಂದೆ. ನನ್ನ ತಮ್ಮ ಡ್ಯಾರೆಲ್‌ಗೆ ಎಡಗಿವಿ ಯಾಕೆ ಕೇಳಿಸುವುದಿಲ್ಲ, ಅವತ್ತೂ ನಿನ್ನ ಉಂಗುರ ಯಾವ ಜೇಬಿನಲ್ಲಿತ್ತು ಎಂದು ಹೇಳಿ, ಸಾಕ್ಷಿಯಾಗಿ ರುಜು ಹಾಕಿದೆ.

ಗುರುವಾರ ಅದು ನನ್ನ ರುಜುವಿನ ಸಮೇತ ಹೊರಬೀಳುತ್ತದೆ. ಬರೆದವನನ್ನು ಬೇರೆ ಊರಿನ ಜೈಲಿಗೆ ಸಾಗಿಸಿದ ಮೇಲೆಯೇ ನಿನಗೆ ತಿಳಿಸುತ್ತಿದ್ದೇನೆ. ಯಾರೆಂದು ನಿನಗೆ ಹೊಳೆಯಲಿಕ್ಕಿಲ್ಲ. ಒಬ್ಬನನ್ನೇ ಹೊಡೆದಿದ್ದರೆ ಹೊಳೆಯುತ್ತಿತ್ತು.

ಒಳ್ಳೆಯ ವಕೀಲರನ್ನು ನೋಡಿಕೊ. ಫ್ರಿಜ್ಜಿನಲ್ಲಿ ಕೋಳಿ ಇದೆ, ಬಿಸಿ ಮಾಡಿಕೊ. ನೀನು ಡ್ಯೂಟಿಯಿಂದ ಬರುವ ಮುಂಚೆ ಇದನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಹೊರಡುತ್ತಿದ್ದೇವೆ. ಅಮ್ಮ, ಡ್ಯಾರೆಲ್, ನಾಯಿ, ಎಲ್ಲರೂ. ಹುಡುಕಬೇಡ.

ನಾಳೆಗೆ ನಿನ್ನ ಅಂಗಿಯನ್ನು ಅಮ್ಮ ಇಸ್ತ್ರಿ ಮಾಡಿ ನೇತುಹಾಕಿದ್ದಾಳೆ. ಅವಳ ಉಂಗುರ ಅದರ ಜೇಬಿನಲ್ಲಿದೆ.

ನಿನ್ನ ಮಗಳು,
ಕೊರೀನ್