ವರದಿಗೆ ಬರೆಯದ ಮಾತು

ಜನವರಿ 12, ಬೆಳಿಗ್ಗೆ 6.40. ಗ್ರೀನ್‌ವುಡ್, ಮಿಸಿಸಿಪಿ

ಮತ್ತೆ ಅದೇ ಮೋಟೆಲ್. ಕಾದು ಕಾದು ಕಹಿಯಾದ ಅದೇ ಕಾಫಿ. ಮೂರು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ವಿಡಿಯೊ ನೋಡಿ ಮುಗಿಸಿದೆ. ಅಮೋಸ್ ಲಕೆಟ್. ಕ್ವಾರ್ಟರ್‌ಬ್ಯಾಕ್. ಆರಡಿ ನಾಲ್ಕಂಗುಲ, ಇಪ್ಪತ್ತೆರಡು ವರ್ಷ. ಚಿಕ್ಕ ಕಾಲೇಜು — ಹೆಸರು ಹೇಳಿದರೆ ನಮ್ಮ ಆಫೀಸಿನಲ್ಲಿ ಅರ್ಧ ಜನ ನಕ್ಷೆ ಹುಡುಕುತ್ತಾರೆ.

ಒಂದು ಆಟದಲ್ಲಿ, ಅಂದರೆ ಚೆಂಡು ಕೈಗೆ ಬಂದು ನಿಲ್ಲುವವರೆಗಿನ ಒಂದು ಸುತ್ತಿನಲ್ಲಿ, ಆರೇ ಗಜ ದೂರ, ಸುತ್ತ ಎದುರಾಳಿ ಒಬ್ಬನೂ ಇಲ್ಲದ ಜೊತೆಗಾರ. ಚೆಂಡು ಅವನ ಕಾಲ ಬುಡಕ್ಕೆ. ಮರು ಆಟದಲ್ಲೇ ಇಬ್ಬರು ಇವನ ಸೊಂಟಕ್ಕೆ ಜೋತುಬಿದ್ದಿದ್ದಾರೆ. ಕೊಡವಿಕೊಂಡು, ಓಡುತ್ತಲೇ ಎಸೆದ. ಅರವತ್ತು ಗಜ. ನೇರ ಜೊತೆಗಾರನ ಎದೆಗೆ.

ನೋಟ್‌ಬುಕ್ಕಿನಲ್ಲಿ 'ಬೇಡ' ಎಂದು ಬರೆದೆ. ಹೊಡೆದುಹಾಕಿದೆ. 'ಕಾಯಿ' ಎಂದು ಬರೆದೆ. ನನ್ನ ಹಾಗೆ ಹೊಸ ಆಟಗಾರರನ್ನು ಹುಡುಕಿ ಅಲೆಯುವ ಉಳಿದ ತಂಡಗಳ ಸ್ಕೌಟುಗಳೂ ಅದನ್ನೇ ಬರೆದಿರುತ್ತಾರೆ. ಕಾಯಿ ಹಣ್ಣಾಗುತ್ತದೋ ಹಾಗೇ ಕೊಳೆಯುತ್ತದೋ, ಅದನ್ನು ಹೇಳುವುದಕ್ಕೇ ನನ್ನನ್ನು ಇಟ್ಟುಕೊಂಡಿರುವುದು.

ಬೇರೆ ಜಾಗದ ಆಟಗಾರನಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್. ಪ್ರತಿ ಆಟದಲ್ಲೂ ಚೆಂಡು ಮೊದಲು ಇವನ ಕೈಗೇ. ಆಯ್ಕೆ ತಪ್ಪಿದರೆ ತಂಡ ಐದು ವರ್ಷ ಮಲಗಿಬಿಡುತ್ತದೆ.

ಜನವರಿ 14

ಕಾಲೇಜಿನ ಮೈದಾನ. ಸೀಸನ್ ಮುಗಿದಿದ್ದರೂ ಅಮೋಸ್ ಒಬ್ಬನೇ ಓಡುತ್ತಿದ್ದ. ಮಾತು ಕಡಿಮೆ. ಎಲ್ಲದಕ್ಕೂ 'ಹೂಂ ಸಾರ್'.

ತಂಡದ ಕೋಣೆಗೆ ಕರೆದೊಯ್ದು ಬೋರ್ಡಿನ ಮುಂದೆ ನಿಲ್ಲಿಸಿದೆ. ಕಳೆದ ನವೆಂಬರಿನ ಒಂದು ಆಟ ಬರೆದು ತೋರಿಸು ಎಂದೆ. ಎದುರಾಳಿಯ ಹನ್ನೊಂದೂ ಜನ ಎಲ್ಲೆಲ್ಲಿ ನಿಂತಿದ್ದರು, ಯಾರು ಯಾವ ಕಡೆ ವಾಲಿದರು, ಎಲ್ಲ ಗೆರೆ ಗೆರೆಯಾಗಿ ಬಂತು. ಮೂವತ್ತು ವರ್ಷ ಪಳಗಿದ ಕೋಚುಗಳಿಗೂ ಇಷ್ಟು ನೆನಪಿರುವುದಿಲ್ಲ.

"ಈಗ ಪಕ್ಕದಲ್ಲಿ ಹೆಸರು ಬರಿ" ಎಂದೆ.

ಸೀಮೆಸುಣ್ಣ ಕೆಳಗಿಟ್ಟ. "ನನ್ನ ಅಕ್ಷರ ಚೆನ್ನಾಗಿಲ್ಲ ಸಾರ್. ಬಾಯಲ್ಲೇ ಹೇಳ್ತೀನಿ."

ಮೋಟೆಲ್ಲಿಗೆ ಬಂದು ವಿಡಿಯೊ ಮೊದಲಿಂದ ಹಾಕಿದೆ. ಇವರ ತಂಡದಲ್ಲಿ ಮುಂದಿನ ಆಟ ಯಾವುದೆಂದು ಎರಡು ರೀತಿ ತಿಳಿಸುತ್ತಾರೆ. ಗೆರೆಯಾಚೆ ನಿಂತ ಕೋಚ್ ಕೈಸನ್ನೆ ಮಾಡುತ್ತಾನೆ. ಇಲ್ಲವೇ ಒಂದು ನಂಬರ್ ಕೂಗುತ್ತಾನೆ. ಮಣಿಕಟ್ಟಿಗೆ ಕಟ್ಟಿದ ಚೀಟಿಯಲ್ಲಿ ಆ ನಂಬರಿನ ಮುಂದೆ ಏನಿದೆ ಎಂದು ಹುಡುಗ ಓದಬೇಕು. ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿದೆ. ಸನ್ನೆಯಾದರೆ ನೂರಕ್ಕೆ ಎಪ್ಪತ್ತೊಂದು ಎಸೆತ ಸರಿ. ಚೀಟಿಯಾದರೆ ನಲವತ್ತಾರು.

ಕೈ ತಪ್ಪುತ್ತಿಲ್ಲ. ಬೇರೇನೋ...

ಜನವರಿ 15

ಅಮೋಸನ ತಾಯಿ ಅರ್ಲೀನ್. ಮೀನು ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ. ಊಟಕ್ಕೆ ಕರೆದಿದ್ದರು. ಹುರಿದ ಕ್ಯಾಟ್‌ಫಿಶ್, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ತಟ್ಟೆ ಖಾಲಿಯಾಗಲು ಬಿಡಲಿಲ್ಲ.

"ಮಿಸ್ಟರ್ ವರ್ನನ್, ನೀವು ಕೇಳಬೇಕು ಅಂತಿದ್ದೀರ, ಕೇಳ್ತಿಲ್ಲ" ಎಂದರು.

ಅಮೋಸ್ ತಲೆ ತಗ್ಗಿಸಿದ. ತಾಯಿಯೇ ಹೇಳಿದರು. ಇವನ ಕಣ್ಣಿಗೆ ಅಕ್ಷರಗಳು ನಿಲ್ಲುವುದಿಲ್ಲ, ಕದಲುತ್ತವೆ. ಚಿಕ್ಕಂದಿನಿಂದ. ಪಂದ್ಯ ಗೆಲ್ಲಿಸುತ್ತಾನೆಂದು ಶಾಲೆಯವರು ತರಗತಿಯಿಂದ ತರಗತಿಗೆ ದಾಟಿಸಿಬಿಟ್ಟರು. ಈಗ ತಂಡದ ಆಟಗಳನ್ನೆಲ್ಲ ಬರೆದ ಪುಸ್ತಕ ಬಂದರೆ ತಾಯಿ ಕಾರ್ಖಾನೆಯಿಂದ ಬಂದವರೇ ಅಡುಗೆಮನೆಯಲ್ಲಿ ಕುಳಿತು ಒಂದೊಂದೇ ಪುಟ ಗಟ್ಟಿಯಾಗಿ ಓದುತ್ತಾರೆ. ಮಗ ಕಣ್ಣು ಮುಚ್ಚಿ ಕೇಳುತ್ತಾನೆ. ಒಮ್ಮೆ ಕೇಳಿದರೆ ಸಾಕು.

"ದಡ್ಡ ಅಂತಾರೆ ಸಾರ್" ಎಂದ ಅಮೋಸ್. "ಕಪ್ಪು ಹುಡುಗ, ಕ್ವಾರ್ಟರ್‌ಬ್ಯಾಕ್. ಮೊದಲೇ ಅನ್ನೋಕೆ ಕಾಯ್ತಿರ್ತಾರೆ."

"ಇದು ಈ ಮನೆ ಬಿಟ್ಟು ಹೋಗಬಾರದು" ಎಂದರು ಅರ್ಲೀನ್.

"ನನ್ನ ಬಾಯಿಂದ ಹೋಗಲ್ಲ ಅಮ್ಮ" ಎಂದೆ. ಮನಸಾರೆ ಹೇಳಿದೆ.

ಜನವರಿ 29. ಊರಿಗೆ ವಾಪಸ್

ಏಪ್ರಿಲ್‌ನ ಡ್ರಾಫ್ಟಿಗೆ ವರದಿ ಕೊಟ್ಟೆ; ಅಲ್ಲಿ ತಂಡಗಳು ಸರದಿಯಂತೆ, ರೌಂಡಿಗೆ ಒಬ್ಬನಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. 'ಮೊದಲ ರೌಂಡಿನಲ್ಲೇ ಆರಿಸಬಹುದು. ಎರಡು ವರ್ಷ ಬೆಂಚಿನ ಮೇಲೆ ಕೂರಿಸಿ ಕಲಿಸಬೇಕು. ತಾಳ್ಮೆ ಇಲ್ಲದಿದ್ದರೆ ಬೇಡ.' ಅಕ್ಷರದ ವಿಷಯ ಬರೆಯಲಿಲ್ಲ.

ಮೀಟಿಂಗಿನಲ್ಲಿ ನಮ್ಮ ಕೋಚ್ ನಕ್ಕುಬಿಟ್ಟ. "ಇಷ್ಟು ಓಡೋದೇ ಬೇಕಿದ್ರೆ ಕುದುರೆ ತರಬಹುದಿತ್ತಲ್ಲಪ್ಪ. ಹುಲ್ಲು ಹಾಕಿದ್ರೆ ಸಾಕು." ಎಲ್ಲರೂ ನಕ್ಕರು. ಗ್ಲೆನ್ ನಗಲಿಲ್ಲ.

ಎಲ್ಲ ಎದ್ದ ಮೇಲೆ ಗ್ಲೆನ್ ಬಾಗಿಲು ಹಾಕಿದ. ತಂಡದ ಮ್ಯಾನೇಜರ್ ಈಗ. ನನಗೆ ಮಾತ್ರ ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಮೋಟೆಲ್ ರೂಮಿನಲ್ಲಿ ಮಲಗಿ, ಒಂದೇ ಕಾರಿನಲ್ಲಿ ಅಲೆದ ಗ್ಲೆನ್. ನನ್ನ ಹೆಂಡತಿ ಜೋನ್ ಆಸ್ಪತ್ರೆಯಲ್ಲಿದ್ದ ಕೊನೆಯ ಒಂಬತ್ತು ದಿನ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತವನು.

"ಏನೋ ಮುಚ್ಚಿಡ್ತಿದೀಯ ಕಣೋ. ನಿನ್ನ ಮುಖ ನನಗೆ ಗೊತ್ತಿಲ್ವಾ?"

"ಏನಿಲ್ಲ."

"ಮೊದಲ ರೌಂಡು ಅಂತ ಬರೆದಿದ್ದೀಯ. ನಾಳೆ ಮಾಲೀಕರ ಮುಂದೆ ನಿಂತು ಹೌದು ಅನ್ನೋನು ನಾನು. ಕುರುಡಾಗಿ ಅನ್ನಿಸ್ತೀಯಾ?"

ಹೇಳಿದೆ. ಅಕ್ಷರ, ಚೀಟಿ, ಅಡುಗೆಮನೆ, ಎಲ್ಲ. ಕಲಿಸುವವರಿಗೆ ಗೊತ್ತಿದ್ದರೆ ಹುಡುಗನಿಗೇ ಒಳ್ಳೆಯದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಗ್ಲೆನ್ ಹೆಗಲ ಮೇಲೆ ಕೈ ಇಟ್ಟ. "ಈ ಗೋಡೆಗೂ ಕೇಳಿಸಿಲ್ಲ ಅಂದ್ಕೊ."

ಮನಸ್ಸು ಹಗುರಾಯಿತು. ಬರೆಯಲು ನಾಚಿಕೆ. ಆದರೂ ಹಗುರಾಯಿತು.

ಫೆಬ್ರವರಿ 28. ಇಂಡಿಯಾನಾಪೊಲಿಸ್

ಎಲ್ಲ ತಂಡದವರ ಎದುರು ಹುಡುಗರ ಪರೀಕ್ಷೆ. ಅಮೋಸ್ ಓಡಿದ. ಗಡಿಯಾರ ನೋಡಿ ಪಕ್ಕದವನು ಮತ್ತೊಮ್ಮೆ ನೋಡಿದ. ಜಿಗಿದ. ಎಸೆದ. ಮೂರು ಸಾಲು ಹಿಂದೆ ಕೂತವರು ಪಿಸುಗುಡುವುದು ಬಿಟ್ಟರು.

ಈಗ ಎಲ್ಲರೂ ಮೊದಲ ಹತ್ತರೊಳಗೆ ಹೋಗುತ್ತಾನೆ ಎನ್ನುತ್ತಿದ್ದಾರೆ. ನಮ್ಮ ಸರದಿ ಇಪ್ಪತ್ತೊಂದು. ಸಿಗುವುದಿಲ್ಲ. ಬೇಸರವೂ ಆಯಿತು, ಖುಷಿಯೂ ಆಯಿತು. ಅರ್ಲೀನ್ ಕಾರ್ಖಾನೆ ಬಿಡಬಹುದು.

ಗ್ಲೆನ್ ಪೆನ್ಸಿಲ್ ಕಚ್ಚುತ್ತ ಕೂತಿದ್ದ. "ಹೀಗೇ ಬಿಟ್ರೆ ಕೈಗೆ ಸಿಗಲ್ಲ ಇವನು" ಎಂದ. ಅಷ್ಟೇ.

ಏಪ್ರಿಲ್ 9, ಬೆಳಿಗ್ಗೆ 7.15

ಸುದ್ದಿ ಬಂದಿದೆ. 'ಹೆಸರು ಹೇಳಲಿಚ್ಛಿಸದ ತಂಡವೊಂದರ ಅಧಿಕಾರಿಯ ಪ್ರಕಾರ, ಲಕೆಟ್‌ಗೆ ಓದಲು ಬಾರದು. ಮೀನಿನ ಕಾರ್ಖಾನೆಯಿಂದ ಬಂದ ತಾಯಿ ಅಡುಗೆಮನೆಯಲ್ಲಿ ಆಟಗಳನ್ನು ಓದಿ ಹೇಳಬೇಕು.'

ಅಡುಗೆಮನೆ. ಆ ಪದವೂ ಹಾಗೇ ಇದೆ. ನಾನು ಹೇಳಿದ್ದು ಒಬ್ಬನಿಗೆ.

ಎರಡು ಸಲ ಓದಿದೆ. ಕೈಯಲ್ಲಿದ್ದ ಟೋಸ್ಟ್ ಎಲ್ಲಿಟ್ಟೆನೋ ಗೊತ್ತಿಲ್ಲ.

8.30

ಅರ್ಲೀನ್ ಫೋನ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಿಸ್ಟರ್ ವರ್ನನ್, ಆವತ್ತು ಆ ಮೇಜಿನ ಸುತ್ತ ಇದ್ದದ್ದು ಮೂರೇ ಜನ. ನಾನು ಹೇಳಿಲ್ಲ. ನನ್ನ ಮಗ ಹೇಳಿಲ್ಲ."

ಪೇಪರನ್ನು ಮಗುಚಿಟ್ಟೆ.

"ಕಾರ್ಖಾನೆಲಿ ಇವತ್ತು ಒಬ್ಬಳು ನನಗೆ ಪೇಪರ್ ಓದಿ ಹೇಳಿದ್ಳು. ಮಗನಿಗೂ ಓದಿ ಹೇಳಬೇಕಾ ಅಂದ್ಳು."

ಇಟ್ಟುಬಿಟ್ಟರು.

ಏಪ್ರಿಲ್ 10

ಗ್ಲೆನ್ ಅಲ್ಲಗಳೆಯಲೂ ಇಲ್ಲ. ಕುರ್ಚಿ ತೋರಿಸಿದ. ಕೂರಲಿಲ್ಲ.

"ಯಾಕೆ" ಎಂದೆ.

"ನೀನೇ ತಾನೇ ಬೇಕು ಅಂದಿದ್ದು? ಹತ್ತರೊಳಗೆ ಹೋಗ್ತಿದ್ದ. ಈಗ ಎರಡನೇ ರೌಂಡಲ್ಲೂ ಸಿಗ್ತಾನೆ. ನಿನ್ನ ಹುಡುಗನ್ನ ನಿನಗೇ ತಂದುಕೊಡ್ತಿದ್ದೀನಿ. ಮುಖ ಯಾಕೆ ಹೀಗೆ ಮಾಡ್ಕೊಂಡಿದೀಯ?"

"ಗೋಡೆಗೂ ಕೇಳಿಸಿಲ್ಲ ಅಂದೆ."

"ಲೋ ವರ್ನನ್. ಈ ಕೆಲಸದಲ್ಲಿ ಎಲ್ಲರೂ ಮಾಡೋದು ಇದನ್ನೇ. ಹುಡುಗನಿಗೆ ಒಂದು ವಾರ ಬೇಜಾರು, ಆಮೇಲೆ ಮರೀತಾನೆ."

ಒಂಬತ್ತು ದಿನ ಪಕ್ಕದಲ್ಲಿ ಕೂತವನ ಮುಖವನ್ನೇ ನೋಡಿದೆ. ಯಾವ ವ್ಯತ್ಯಾಸವೂ ಇಲ್ಲ. ಅದೇ ಮುಖ. ಅವತ್ತಿನದು ಸುಳ್ಳಲ್ಲ, ಇವತ್ತಿನದೂ ಸುಳ್ಳಲ್ಲ. ಅದನ್ನೇ ತಡೆಯಲಾಗುತ್ತಿಲ್ಲ.

ಕಾರಿನಲ್ಲಿ ಕೂತು ಬಹಳ ಹೊತ್ತು ಅವನನ್ನೇ ಬೈದೆ. ಆಮೇಲೆ ಹೊಳೆಯಿತು. ನಾನು ನಂಬಿ ಒಬ್ಬನಿಗೆ ಹೇಳಿದೆ. ಅವನೂ ಒಬ್ಬನಿಗೇ ಹೇಳಿರಬೇಕು.

ಏಪ್ರಿಲ್ 14. ಮಿಸಿಸಿಪಿ

ಅರ್ಲೀನ್ ಬಾಗಿಲು ತೆರೆಯಲಿಲ್ಲ. ಅಮೋಸ್ ಮೈದಾನದಲ್ಲಿದ್ದ. ಎಲ್ಲ ಒಪ್ಪಿಕೊಂಡೆ. ಯಾರಿಗೆ ಹೇಳಿದೆ, ಯಾಕೆ ಹೇಳಿದೆ. 'ಯಾಕೆ' ಎನ್ನುವುದು ಬಾಯಿಂದ ಹೊರಬಂದಾಗ ಬಹಳ ಸಣ್ಣದಾಗಿ ಕೇಳಿಸಿತು.

ಅಮೋಸ್ ಚೆಂಡು ತಿರುಗಿಸುತ್ತ ಕೇಳಿದ. "ನಿಮ್ಮ ತಂಡ ನನ್ನ ತಗೊಳುತ್ತಾ?"

"ಎರಡನೇ ರೌಂಡಲ್ಲಿ."

"ಹಂಗಾದ್ರೆ ನನ್ನ ಮಾನ ಕಳೆದೋರ ಮನೆಗೇ ಹೋಗಿ ಕೆಲಸ ಮಾಡಬೇಕು. ಅವರಿಗೇ ಥ್ಯಾಂಕ್ಸ್ ಹೇಳಿ ಅವರ ತಂಡದ ಟೋಪಿ ತಲೆಗಿಟ್ಕೊಂಡು ಫೋಟೊಗೆ ನಿಲ್ಲಬೇಕು."

ಆರಿಸಿದವರ ಹತ್ತಿರ ಹೋಗಲೇಬೇಕು. ನಿಯಮ ಹಾಗಿದೆ. ಇಬ್ಬರಿಗೂ ಗೊತ್ತು.

ಸನ್ನೆ ಮತ್ತು ಚೀಟಿಯ ಲೆಕ್ಕದ ಹಾಳೆ ಜೇಬಿನಲ್ಲೇ ಇತ್ತು. ಅದರಲ್ಲಿದ್ದದ್ದನ್ನು ಓದಿ ಹೇಳಿದೆ. ಎಪ್ಪತ್ತೊಂದು. ನಲವತ್ತಾರು. ಅವನಿಗೇ ಗೊತ್ತಿರಲಿಲ್ಲ. ಚೆಂಡು ತಿರುಗುವುದು ನಿಂತಿತು.

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಗ್ಲೆನ್‌ಗೆ. ಅವನು ಅದನ್ನ ಹೊರಗೆ ಬಿಡಲಿಲ್ಲ."

"ಅಂದ್ರೆ ಅರ್ಧ ಹೇಳಿ ಬಿಟ್ಟಿದ್ದೀರ. ಹೇಳೋದೇ ಆದ್ರೆ ಪೂರ್ತಿ ಹೇಳಿ ಸಾರ್. ಈ ಸಲ ನಾನೇ ಹೇಳ್ತಿದ್ದೀನಿ, ಹೇಳಿ ಅಂತ."

ಏಪ್ರಿಲ್ 16, ಮಧ್ಯಾಹ್ನ

ಲೊರೆಟ್ಟಾ ಕ್ವಿನ್‌ಗೆ ಫೋನ್ ಮಾಡಿದೆ. ಬೇರೆ ತಂಡದ ಸ್ಕೌಟ್. ಹದಿನೈದು ವರ್ಷದಿಂದ ಎದುರಾಳಿ. ಅವರ ಸರದಿ ಹದಿನೇಳನೆಯದು, ನಮಗಿಂತ ಮೊದಲು. ಅವರ ಕೋಚ್ ಸನ್ನೆಯಲ್ಲೇ ಆಡಿಸುವವನು.

ಎಲ್ಲ ಹೇಳಿದೆ. ಹಾಳೆ ಕಳಿಸಿದೆ. ಆಕೆ ಕೇಳಿದಳು. "ಇದು ಗೊತ್ತಾದ್ರೆ ನಿನ್ನನ್ನ ಯಾರೂ ಕೆಲಸಕ್ಕೆ ಇಟ್ಕೊಳಲ್ಲ ವರ್ನನ್. ನಾನೂ ಇಟ್ಕೊಳಲ್ಲ. ಗೊತ್ತಲ್ಲ?"

"ಗೊತ್ತು."

"ಹಾಗಾದ್ರೆ ಇನ್ನೊಂದ್ಸಲ ಆ ಎರಡು ನಂಬರ್ ಹೇಳು, ಬರ್ಕೊಳ್ತೀನಿ."

ನನ್ನ ತಂಡ. ಇಪ್ಪತ್ತೆರಡು ವರ್ಷ. ಅವರ ಗುಟ್ಟನ್ನು ಎದುರಾಳಿಗೆ ಕೊಟ್ಟೆ. ಗ್ಲೆನ್ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಹಾಳೆಯ ಮೇಲೆ ಬರೆಯಲು ಕೂತೆ. ಒಂದು ಸಿಕ್ಕಿತು: ಈ ಸಲ ಹುಡುಗನೇ ಹೇಳಿ ಎಂದ ಮೇಲೆ ಹೇಳಿದೆ.

ಏಪ್ರಿಲ್ 24

ನಿನ್ನೆ ಡ್ರಾಫ್ಟ್. ಆಫೀಸಿನಲ್ಲಿ ದೊಡ್ಡ ಟಿವಿ, ಉದ್ದ ಮೇಜು, ಪಿಜ್ಜಾ ಡಬ್ಬಿಗಳು. ಹತ್ತು ದಾಟಿತು. ಅಮೋಸ್ ಹೆಸರಿಲ್ಲ. ಹನ್ನೆರಡು, ಹದಿನಾಲ್ಕು. ಕ್ಯಾಮೆರಾ ಆಗಾಗ ಅವನ ಮನೆಯ ಸೋಫಾ ತೋರಿಸುತ್ತಿತ್ತು. ಅರ್ಲೀನ್ ನೇರ ಕೂತಿದ್ದರು, ಮಗನ ಮಂಡಿಯ ಮೇಲೆ ಕೈ ಇಟ್ಟು. ಗ್ಲೆನ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಎಲ್ಲ ಲೆಕ್ಕದಂತೆ.

ಹದಿನೇಳು. ಅಮೋಸ್ ಲಕೆಟ್.

ಟಿವಿಯಲ್ಲಿ ಅರ್ಲೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಗ್ಲೆನ್ ಪೆನ್ಸಿಲ್ ಇಟ್ಟ. ಬಹಳ ಮೆಲ್ಲಗೆ.

"ಅವರಿಗೆ ಧೈರ್ಯ ಹೇಗೆ ಬಂತು? ಯಾರೋ ಹೇಳಿದ್ದಾರೆ."

"ನಾನು ಹೇಳಿದೆ."

ನನ್ನ ಮುಖ ಗೊತ್ತು ಎನ್ನುತ್ತಿದ್ದವನು ಮೊದಲ ಬಾರಿ ಅದನ್ನು ನೋಡುತ್ತಿರುವ ಹಾಗೆ ನೋಡಿದ. ಅವನಿಗೆ ನಿಜವಾಗಿ ನೋವಾಗಿತ್ತು. ಅದೇ ವಿಚಿತ್ರ.

"ನನಗೆ ಹೀಗೆ ಮಾಡಿದೆಯಲ್ಲೋ" ಎಂದ. "ನನಗೆ."

ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಎದ್ದು ಬಂದೆ. ಯಾರೂ ತಡೆಯಲಿಲ್ಲ.

ಮೇ 6

ಹನ್ನೆರಡು ದಿನ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಹುಲ್ಲು ಕತ್ತರಿಸಿದೆ. ಜೋನ್‌ಳ ಅಕ್ಕನ ಮನೆಗೆ ಹೋಗಿ ಬಂದೆ.

ಇವತ್ತು ಧೈರ್ಯ ಮಾಡಿ ಅರ್ಲೀನ್‌ಗೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ನಲ್ಲಿ ನೀರಿನ ಸದ್ದು.

"ಅಮೋಸ್ ಬೆಳಿಗ್ಗೆ ಹೊರಟ" ಎಂದರು. "ಅಲ್ಲಿನ ಕೋಚ್ ಆಟಗಳ ಪುಸ್ತಕಾನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸ್ತಿದ್ದಾರೆ. ನಾನು ಓದಬೇಕಾಗಿಲ್ಲ ಇನ್ನು."

"ಒಳ್ಳೇದಾಯ್ತು ಅಮ್ಮ."

"ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ಅಲ್ಲ ಮಿಸ್ಟರ್ ವರ್ನನ್."

"ಗೊತ್ತು."

ನಲ್ಲಿ ನಿಂತಿತು. "ನೀವು ಫೋನ್ ಮಾಡಿದ್ರೆ ಒಂದು ಮಾತು ಹೇಳು ಅಂದಿದ್ದ. ನೀವು ಮಾಡಿದ್ದು ಎರಡೂ ನೆನಪಿರುತ್ತಂತೆ ಅವನಿಗೆ."

ಎರಡೂ. ಯಾವುದು ಮೊದಲು ನೆನಪಾಗುತ್ತದೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟಿದ್ದರು.