ಕೀಗೊಂಚಲಿನಲ್ಲಿ ನನ್ನ ಸಹಿ

ಬಾಣಾವರ
೨೦-೭-೨೦೨೫, ಭಾನುವಾರ

ಚಿ. ಉಷಾಗೆ,

ನಿನ್ನ ದೊಡ್ಡಮ್ಮ ಶಿವಗಂಗಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಜವಾಗಿ ನೆಮ್ಮದಿಯಿಂದಿರುವುದು ನಿನ್ನ ಗಂಗಾಧರಪ್ಪ ಮಾವನ ಮನೆಯ ಎಮ್ಮೆ ಒಂದೇ. ಅದನ್ನು ಯಾರೂ ಏನೂ ಕೇಳುವುದಿಲ್ಲ, ಕೇಳಿ ತಪ್ಪು ಬರೆದುಕೊಳ್ಳುವುದೂ ಇಲ್ಲ.

ಯುಗಾದಿಗೆ ನೀನು ಕಳಿಸಿದ ಮೆಸೇಜಿಗೆ ಉತ್ತರ ಬರೆಯಲಿಲ್ಲ. ಮೊನ್ನೆ ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮೊದಲನೆಯದಕ್ಕೆ ಸೋಮಾರಿತನ ಕಾರಣ, ಕ್ಷಮಿಸು. ಎರಡನೆಯದಕ್ಕೆ ಕೋಪ. ಫೋನಿನಲ್ಲಿ ಬೈದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಸುಮ್ಮನಾಗಿಬಿಡುತ್ತೇನೆ. ಈ ಸಲ ನನಗೆ ಸುಮ್ಮನಾಗುವ ಇಷ್ಟವಿಲ್ಲ, ಅದಕ್ಕೇ ಈ ಕಾಗದ.

ನಾನು ಬಾಣಾವರಕ್ಕೆ ಬಂದು ಮೂರು ದಿನವಾಯಿತು. ನಿನ್ನ ದೊಡ್ಡಪ್ಪನಿಗೆ ಹೇಳದೆ ಬಂದೆ. ಬರುವಾಗ ಅವರ ಬೈಕಿನ ಕೀಗೊಂಚಲಿನಿಂದ ಪಂಚಾಯ್ತಿಯ ಕೀ ಬಿಚ್ಚಿಕೊಂಡು ಬಂದಿದ್ದೇನೆ. ಪೆನ್‌ಡ್ರೈವ್ ಥರ ಇರುತ್ತದಲ್ಲ, ಕಂಪ್ಯೂಟರಿಗೆ ಚುಚ್ಚಿದರೆ ಅಧ್ಯಕ್ಷರ ಸಹಿ ಬೀಳುತ್ತದೆ, ಅದು. ಅಧ್ಯಕ್ಷೆ ನಾನು, ಸಹಿ ನನ್ನದು, ಎರಡು ವರ್ಷದಿಂದ ಅದು ತೂಗಾಡಿದ್ದು ಮಾತ್ರ ಅವರ ಬೈಕಿನಲ್ಲಿ. ಅವರು ಕೊಬ್ಬರಿ ಮಾರಲು ಅರಸೀಕೆರೆಗೆ ಹೋದರೆ ನನ್ನ ಸಹಿಯೂ ಹೋಗಿ ಬರುತ್ತಿತ್ತು, ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಈಗ ಅದು ನನ್ನ ಸೆರಗಿನ ಗಂಟಿನಲ್ಲಿದೆ.

ಆದದ್ದನ್ನು ಸರಿಯಾಗಿ ಹೇಳುತ್ತೇನೆ, ಕೇಳು. ಕಾಲೋನಿಗೆ ನೀರಿನ ಪೈಪ್ ಹಾಕಿಸುವುದೆಂದು ಜನವರಿಯ ಮೀಟಿಂಗಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದ್ದೆ. ಆ ಮೀಟಿಂಗಿನಲ್ಲಿ ನಾನು ಆಡಿದ ಮಾತು ಅದೊಂದೇ. ಕಾಲೋನಿಯ ಮಾದಮ್ಮನ ಮನೆಗೆ ಹೋಗಿ, ಬೇಸಿಗೆಯೊಳಗೆ ನಿಮ್ಮ ಬಾಗಿಲಿಗೆ ನಲ್ಲಿ ಬರುತ್ತದೆ ಎಂದೂ ಮಾತು ಕೊಟ್ಟು ಬಂದೆ. ಅವಳು ಕೊಟ್ಟ ಕಾಫಿ ಕುಡಿದೆ. ಬೇಸಿಗೆ ಮುಗಿಯಿತು, ಪೈಪೂ ಬಂತು, ದೇವಸ್ಥಾನದ ಬೀದಿಗೆ. ಅಲ್ಲಿ ಆಗಲೇ ಮನೆಗೆರಡು ನಲ್ಲಿ ಇವೆ. ಮೀಟಿಂಗಿನ ನಡಾವಳಿಯನ್ನು ಕಂಪ್ಯೂಟರಿನಲ್ಲಿ ತೆಗೆಸಿ ನೋಡಿದರೆ 'ಕಾಲೋನಿ' ಎನ್ನುವ ಪದವೇ ಇಲ್ಲ, 'ದೇವಸ್ಥಾನದ ಬೀದಿ' ಎಂದಿದೆ, ಕೆಳಗೆ ನನ್ನ ಸಹಿ. ಪಿಡಿಒ ಉದಯಕುಮಾರನನ್ನು ಕೇಳಿದೆ. ತಲೆ ಎತ್ತದೆ, "ಯಜಮಾನ್ರು ಹಂಗೆ ಬರೀರಿ ಅಂದ್ರು ಮೇಡಂ, ನಿಮಗೂ ಗೊತ್ತು ಅಂತ ಅಂದ್ಕೊಂಡೆ" ಅಂದ.

ಮಾದಮ್ಮ ಮನೆಗೆ ಬಂದಳು. ಜಗಳವಾಡಲಿಲ್ಲ. ಬಾಗಿಲಾಚೆ ಖಾಲಿ ಕೊಡ ಇಟ್ಟು, "ಅವ್ವಾ, ಅಧ್ಯಕ್ಸರು ನೀವೋ ಅಪ್ಪಾರೋ ಅಂತ ಒಂದು ಹೇಳ್ಬುಡಿ. ಯಾರ್ ತಾವ ಹೋಗ್ಬೇಕೋ ಅಲ್ಲಿಗೇ ಹೋಯ್ತೀನಿ. ನಿಮ್ ತಾವ ಬಂದು ನಿಮ್ಗೂ ಯಾಕ್ ತೊಂದ್ರೆ" ಅಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಕನಿಕರ ಇತ್ತು. ಅವಳು ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು.

ಎಲ್ಲಾದರೂ ಒಂದು ಕಡೆ ನಿಜ ಹೇಳಬೇಕೆಂದು ಆಗಲೇ ತೀರ್ಮಾನ ಮಾಡಿದ್ದೆ. ಹೋದ ಬುಧವಾರ ಬೇಲೂರಿನಲ್ಲಿ ಅಧ್ಯಕ್ಷೆಯರಿಗೆ ತರಬೇತಿ ಇತ್ತು. ದೊಡ್ಡಪ್ಪ ಬೈಕಿನಲ್ಲೇ ಕರೆದುಕೊಂಡು ಹೋದರು. ತರಬೇತಿಯ ಹಾಲ್‌ನೊಳಗೆ ನಾವು ಇಪ್ಪತ್ತೆರಡು ಹೆಂಗಸರು, ಹೊರಗೆ ಹುಣಸೆಮರದ ಕೆಳಗೆ ಹತ್ತೊಂಬತ್ತು ಬೈಕು. ನಾನೇ ಎಣಿಸಿದೆ, ನಿನ್ನ ಹಾಗೆ ಸಂಶೋಧನೆ ಮಾಡಿದೆ ಅಂದುಕೋ. ಒಳಗೆ ನಮಗೆ ಮಹಿಳಾ ಸಬಲೀಕರಣದ ಪಾಠ ನಡೆಯುತ್ತಿತ್ತು, ಹೊರಗೆ ಸಬಲರೆಲ್ಲ ಟೀ ಕುಡಿಯುತ್ತ ಮುಂದಿನ ಕಾಮಗಾರಿ ಮಾತಾಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಒಬ್ಬ ಅಧಿಕಾರಿ ಪರದೆಯ ಮೇಲೆ ನಿಮ್ಮ ಪ್ರೊಫೆಸರ್ ಮಾಡಿಸಿದ, ನಿಮ್ಮ ಸಂಸ್ಥೆಯ ವರದಿ ತೋರಿಸಿದ. ನೂರಕ್ಕೆ ಎಂಬತ್ತೊಂದು ಅಧ್ಯಕ್ಷೆಯರು ಪಂಚಾಯ್ತಿಯ ತೀರ್ಮಾನಗಳನ್ನು ತಾವೇ ಸ್ವತಂತ್ರವಾಗಿ ತೆಗೆದುಕೊಳ್ಳುತ್ತಾರಂತೆ. ಚಪ್ಪಾಳೆ ಬಿತ್ತು. ಕೆಳಗೆ ಒಂದು ಚೌಕದೊಳಗೆ ಬೇಲೂರು ತಾಲ್ಲೂಕಿನ ಅಧ್ಯಕ್ಷೆಯೊಬ್ಬರ ಮಾತು ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು: "ಮನೇಲಿ ಒಲೆ ಯಾವಾಗ ಹಚ್ಚಬೇಕು ಅಂತ ನಾನೇ ತೀರ್ಮಾನ ಮಾಡೋದು, ಪಂಚಾಯ್ತೀಲೂ ಹಂಗೇ."

ಉಷಾ, ಅದು ನನ್ನ ಮಾತು. ಹೋದ ಕಾರ್ತೀಕದಲ್ಲಿ ನೀನು ಪ್ರಶ್ನೆಪಟ್ಟಿ ಹಿಡಿದುಕೊಂಡು ಬಂದೆಯಲ್ಲ, ಆಗ ಹೇಳಿದ್ದು. ಅದನ್ನು ಹೇಳುವಾಗ ದೊಡ್ಡಪ್ಪ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. "ಬರ್ಕಳವ್ವ, ಎಲ್ಲಾ ಅವಳೇ ನೋಡ್ಕಳದು, ನಾನೇನಿದ್ರೂ ಡ್ರೈವರ್ರು" ಎಂದು ಅವರೂ ಸೇರಿಸಿದರು. ನಾನು ಇನ್ನೇನು ಹೇಳಬೇಕಿತ್ತು? ಸುಳ್ಳೇ ಹೇಳಿದೆ. ಚೆನ್ನಾಗಿಯೇ ಹೇಳಿದೆ, ನೋಡು, ಪರದೆಯ ಮೇಲೆ ಹಾಕುವಷ್ಟು ಚೆನ್ನಾಗಿ.

ಹಾಲ್‌ನಲ್ಲಿ ಎದ್ದು ನಿಂತೆ. "ಸಾರ್, ಅದು ಸುಳ್ಳು. ನನ್ನ ಸಹಿ ನನ್ನ ಯಜಮಾನರ ಹತ್ತಿರ ಇರೋದು. ಕಾಲೋನಿಗೆ ಹೋಗಬೇಕಾದ ನೀರು ಬೇರೆ ಕಡೆ ಹೋಯ್ತು" ಅಂದೆ. ಆತ ಬೈಯಲಿಲ್ಲ, ನಕ್ಕ. "ಕೂತ್ಕೊಳ್ಳಿ ಮೇಡಂ. ನೀವು ಹೇಳ್ತಿರೋದು ಒಬ್ಬರ ಅನುಭವ. ಇದು ಮುನ್ನೂರ ಹದಿನೆಂಟು ಜನರನ್ನ ಕೇಳಿ ಮಾಡಿರೋ ವೈಜ್ಞಾನಿಕ ಅಧ್ಯಯನ" ಅಂದ. ನಾನು ಸುಳ್ಳು ಹೇಳಿದಾಗ ಅದು ವಿಜ್ಞಾನವಾಯಿತು, ಅದೇ ಬಾಯಲ್ಲಿ ನಿಜ ಹೇಳಿದರೆ ಒಬ್ಬರ ಅನುಭವವಾಯಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಸೆರಗು ಎಳೆದು ಕೂರಿಸಿದಳು. ಅವಳ ಯಜಮಾನನದೂ ಒಂದು ಬೈಕು ಹೊರಗಿತ್ತು.

ಲಿಖಿತ ದೂರು ಕೊಡುತ್ತೇನೆ ಎಂದು ಆಮೇಲೆ ಆತನ ಮೇಜಿನ ಹತ್ತಿರ ಹೋದೆ. ವರದಿಯ ಕನ್ನಡ ಪುಸ್ತಕ ನನ್ನ ಕೈಗೆ ಕೊಟ್ಟು, "ಇದನ್ನ ಒಮ್ಮೆ ಓದಿ, ಧೈರ್ಯ ಬರುತ್ತೆ" ಅಂದ. ಈ ವರದಿ ಬಂದ ಮೇಲೆ ಇಂಥ ದೂರುಗಳಿಗೆ ಬೆಲೆ ಕಡಿಮೆ ಎಂದೂ ಹೇಳಿದ. ಗಂಡಂದಿರು ಅಧಿಕಾರ ನಡೆಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ ಎಂದು ಮೂವತ್ತನೇ ಪುಟದಲ್ಲಿ ಇದೆಯಂತೆ. ಇದೆ, ನಾನೂ ಓದಿದೆ. ಅಂದರೆ ಮಾದಮ್ಮನ ಮನೆಗೆ ನೀರು ಬರದಿರುವುದಕ್ಕೆ ಈಗ ನಮ್ಮ ಯಜಮಾನರ ಜೊತೆ ನಿಮ್ಮ ವರದಿಯೂ ಸೇರಿಕೊಂಡಿದೆ.

ನಿಮ್ಮ ಪ್ರೊಫೆಸರನ್ನು ಒಂದು ಮಾತು ಕೇಳು. ಹೆಂಗಸೊಬ್ಬಳನ್ನು ಅವಳ ಮನೆಯ ನಡುಮನೆಯಲ್ಲಿ ಕೂರಿಸಿ, ನಿನ್ನ ಗಂಡ ನಿನ್ನ ಮಾತು ಕೇಳುತ್ತಾನಾ ಎಂದರೆ ಅವಳು ಏನು ಹೇಳಬೇಕು? ನೀವೆಲ್ಲ ಸಂಜೆ ಬಸ್ ಹತ್ತಿ ಹೋಗುತ್ತೀರಿ. ಉತ್ತರ ಕೊಟ್ಟವಳು ಅದೇ ಮನೆಯಲ್ಲಿ ಸಾರು ಕುದಿಸಬೇಕು. ಇಷ್ಟು ತಿಳಿಯಲು ಸಮಾಜಶಾಸ್ತ್ರ ಬೇಕಾಗಿಲ್ಲ. ನಾನು ಪಿಯುಸಿ ಓದಿದವಳು, ನನಗೇ ತಿಳಿಯುತ್ತದೆ. ಜನರನ್ನು ಕೇಳಿ ತಿಳಿಯುವ ವಿದ್ಯೆ ಒಳ್ಳೆಯ ವಿದ್ಯೆ ಎಂದು ಈಗಲೂ ನಂಬಿದ್ದೇನೆ. ನಮ್ಮಂಥವರ ಮಾತು ದೊಡ್ಡವರ ಕಿವಿಗೆ ಬೀಳಲು ಬೇರೆ ದಾರಿ ಎಲ್ಲಿದೆ? ಅದಕ್ಕೇ ಇಷ್ಟು ಉರಿಯುತ್ತಿರುವುದು.

ದೊಡ್ಡಪ್ಪ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. "ಎಲ್ಲೇ ಮಡಗಿದೀಯ ಕೀಯ? ಬಿಲ್ ನಿಂತೈತೆ ಕಣೇ" ಅನ್ನುತ್ತಾರೆ. ನನ್ನ ಸಹಿ ನನ್ನ ಹತ್ತಿರ ಇದೆ ಅಂದೆ. ಅದಕ್ಕೆ ಅವರು, "ಊಟ ಮಾಡ್ದಾ?" ಅಂದರು. ಕೆಟ್ಟವರಲ್ಲ, ಅದು ನಿನಗೂ ಗೊತ್ತು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಿನ್ನ ಮಾವ, "ಅಕ್ಕಾ, ಭಾವನ್ ಮಾನ ಬೀದಿಗೆ ಬತ್ತದೆ, ಕೊಟ್ಬುಡು" ಎಂದು ದಿನಾ ಹೇಳುತ್ತಾನೆ. ಕಾಲೋನಿಯವರು ಕೊಡ ಹೊತ್ತು ಬೀದಿಯಲ್ಲೇ ನಿಂತಿದ್ದಾರೆ, ಅವರ ಮಾನದ ಗತಿಯೇನು ಎಂದು ಕೇಳಿದರೆ ಎಮ್ಮೆ ಕಟ್ಟಲು ಹೋಗುತ್ತಾನೆ.

ಮಂಗಳವಾರ ಮೀಟಿಂಗ್ ಇದೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕುರ್ಚಿಯಲ್ಲಿ ನಾನೇ ಕೂತು, ನಡಾವಳಿಯಲ್ಲಿ 'ಕಾಲೋನಿ' ಎಂದು ನಾನೇ ಬರೆದು, ನಾನೇ ಕೀ ಹಾಕುತ್ತೇನೆ. ಆಮೇಲೆ ಮನೆಯಲ್ಲಿ ಏನಾಗುತ್ತದೋ ಆಗಲಿ. ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ.

ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಪಿಎಚ್‌ಡಿ ಬೇಗ ಮುಗಿಯಲಿ, ನಿನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರುವುದನ್ನು ನಾನು ಕಣ್ಣಾರೆ ನೋಡಬೇಕು. ಬೈದಿದ್ದೇನೆಂದು ಆಶೀರ್ವಾದ ಕಡಿಮೆಯಾಗಿಲ್ಲ.

ಇಂತಿ ನಿನ್ನ ದೊಡ್ಡಮ್ಮ,
ಶಿವಗಂಗಮ್ಮ
(ಈ ಸಹಿ ಕೈಯಲ್ಲಿ ಹಾಕಿದ್ದು)

ಮ.ಮಾ: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಈವರೆಗೆ ಬೈದದ್ದೆಲ್ಲ ನಿಮ್ಮ ಪ್ರೊಫೆಸರಿಗೆ, ಆ ಅಧಿಕಾರಿಗೆ. ನಿನಗೆ ಹೇಳಬೇಕಾದದ್ದನ್ನು ಬರೆಯದೆ ತಪ್ಪಿಸಿಕೊಂಡಿದ್ದೆ.

ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: "ಸಂದರ್ಶನದ ವೇಳೆ ಪತಿ ಅಥವಾ ಕುಟುಂಬದವರು ಹಾಜರಿದ್ದಲ್ಲಿ ಅಂಥ ಉತ್ತರಗಳನ್ನು ಅಧ್ಯಯನದಿಂದ ಕೈಬಿಡಲಾಗಿದೆ." ಪಾಪ, ನಿಮ್ಮ ಪ್ರೊಫೆಸರಿಗೆ ನನ್ನಷ್ಟೇ ಬುದ್ಧಿ ಇತ್ತು. ಅದಕ್ಕಾಗಿ ಪ್ರಶ್ನೆಪಟ್ಟಿಯಲ್ಲಿ ಒಂದು ಚೌಕವನ್ನೇ ಇಟ್ಟಿದ್ದರು. ನನ್ನ ಉತ್ತರ ಕೈಬಿಟ್ಟಿಲ್ಲ. ಅಂದರೆ ಆ ಚೌಕದಲ್ಲಿ ನೀನು 'ಯಾರೂ ಇರಲಿಲ್ಲ' ಎಂದು ಗುರುತು ಹಾಕಿದ್ದೀಯ.

ಅವತ್ತು ದೊಡ್ಡಪ್ಪ ಬೈಕಿನ ಕೀ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದರು. "ಅದೇನು ದೊಡ್ಡಪ್ಪ, ಪೆನ್‌ಡ್ರೈವಾ?" ಎಂದು ನೀನೇ ಕೇಳಿದೆ. "ನಿಮ್ ದೊಡ್ಡಮ್ಮನ್ ಸಯ್ಯಿ ಕಣವ್ವ" ಅಂದರು. ನೀನು ನಕ್ಕೆ, ಉಷಾ. ನಕ್ಕು ಮುಂದಿನ ಪ್ರಶ್ನೆ ಕೇಳಿದೆ. ನಾನು ಸುಳ್ಳು ಹೇಳಿದ್ದು ಗಂಡ ಎದುರಿಗಿದ್ದರೆಂದು. ಯಾರು ಎದುರಿಗಿದ್ದರೆಂದು ನೀನು ಸುಳ್ಳು ಬರೆದೆ? ಇನ್ನೊಂದು ದಿನ ಬರಬೇಕಾಗುತ್ತದೆ ಎಂದೋ, ಸಂಜೆಯ ಬಸ್ ತಪ್ಪುತ್ತದೆ ಎಂದೋ?

ನಮ್ಮ ಮನೆಯಿಂದ ನಿನ್ನನ್ನು ಮೈಸೂರಿಗೆ ಓದಲು ಕಳಿಸುವುದು ಬೇಡವೆಂದು ದೊಡ್ಡಪ್ಪ ಹಟ ಹಿಡಿದಾಗ, ನಾನು ಎರಡು ದಿನ ಒಲೆ ಹಚ್ಚದೆ ಕೂತಿದ್ದು ನಿನಗೆ ನೆನಪಿರಬೇಕು. ಆ ಮನೆಯಲ್ಲಿ ನಾನು ಸ್ವತಂತ್ರವಾಗಿ ತೆಗೆದುಕೊಂಡ ತೀರ್ಮಾನ ಅದೊಂದೇ. ಒಲೆ ಹಚ್ಚುವ ಮಾತು ನಿನ್ನ ಹತ್ತಿರ ಸುಮ್ಮನೆ ಆಡಿದ್ದಲ್ಲ, ನಿನಗಾದರೂ ಅರ್ಥವಾಗಲಿ ಎಂದು ಆಡಿದ್ದು. ಅದನ್ನೂ ನೀನು ಹಾಗೇ ಬರೆದುಕೊಂಡು ಹೋದೆ.

ಈಗ ಇನ್ನೊಂದು ಸಲ ಬರೆದುಕೋ, ಬರೆದು ನಿಮ್ಮ ಪ್ರೊಫೆಸರಿಗೆ ಕೊಡು. ಪಂಚಾಯ್ತಿಯ ತೀರ್ಮಾನ ಯಾರು ತೆಗೆದುಕೊಳ್ಳುತ್ತಾರೆ: ಇಂದಿನವರೆಗೆ ನನ್ನ ಗಂಡ. ಸಂದರ್ಶನದ ವೇಳೆ ಹಾಜರಿದ್ದವರು: ಯಾರೂ ಇಲ್ಲ. ಮಾವ ಸಂತೆಗೆ ಹೋಗಿದ್ದಾನೆ, ಬಾಗಿಲು ಹಾಕಿದೆ, ನಾನೊಬ್ಬಳೇ ಇದ್ದೇನೆ. ನೀನೂ ಇಲ್ಲ.