‘ಸಂಶಯ’ ಎಂದು ಬರೆಯಲಿಲ್ಲ

9 ಸೆಪ್ಟೆಂಬರ್ 1965, ಗುರುವಾರ. ಸಂಜೆ 4
ಬೆಳಗಿನಿಂದ ಟೆಲಿಪ್ರಿಂಟರ್ ಮುಂದೆಯೇ. ಲಾಹೋರ್, ಸಿಯಾಲಕೋಟ್, ಮತ್ತೆ ಲಾಹೋರ್. ಅನುವಾದ ಮಾಡಿ ಮಾಡಿ ಬೆರಳು ಮರಗಟ್ಟಿವೆ. ಊಟಕ್ಕೆ ಏಳುವಷ್ಟರಲ್ಲಿ ಪೊಲೀಸ್ ಠಾಣೆಯಿಂದ ಫೌಜದಾರರ ಫೋನ್. ಹಳೇ ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಗುಲಾಬಸಾಬ ಎಂಬವನನ್ನು ಹಿಡಿದಿದ್ದಾರೆ. ಅಂಗಡಿಯಲ್ಲಿ ತಂತಿ, ವಾಲ್ವು, ಬಿಚ್ಚಿಟ್ಟ ಒಂದು ದೊಡ್ಡ ಸೆಟ್. ಶತ್ರುವಿಗೆ ಸುದ್ದಿ ಕಳಿಸುವ ವೈರ್‌ಲೆಸ್ ಇರಬಹುದಂತೆ.

ಕೊನೆಗೂ ನಮ್ಮೂರಿನದೇ ಒಂದು ಸುದ್ದಿ! ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ಸಂಪಾದಕ ತ್ರ್ಯಂಬಕರಾಯರು ಓದಿ ಬೆನ್ನು ತಟ್ಟಿದರು. ತಲೆಬರಹ ಅವರೇ ಹಾಕಿದರು — ‘ಹುಬ್ಬಳ್ಳಿಯಲ್ಲಿ ಬೇಹುಗಾರನ ಸೆರೆ’. ಮೊದಲ ಪುಟ, ನಾಲ್ಕು ಕಾಲಂ.

10, ಶುಕ್ರವಾರ
ಒಂಬತ್ತಕ್ಕೇ ಪತ್ರಿಕೆಯ ಪ್ರತಿಗಳೆಲ್ಲ ಖಾಲಿ. ಶಿದ್ದಪ್ಪನ ಚಹಾದಂಗಡಿಯಲ್ಲಿ ಒಬ್ಬ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಶಿದ್ದಪ್ಪ ತಾನೇ ಕುರ್ಚಿ ಒರೆಸಿಕೊಟ್ಟ.

“ಭಾರೀ ಕೆಲಸಾ ಮಾಡಿದ್ರಿ ಮಹಾದೇವಪ್ಪನವರ!”

ಸಂಜೆ ಗುಲಾಬಸಾಬನ ಅಂಗಡಿಗೆ ಜನ ನುಗ್ಗಿ ಒಡೆದರು. ಹೋಗಿ ನೋಡಿದೆ. ರಸ್ತೆ ತುಂಬ ಗಾಜಿನ ಚೂರು, ರೇಡಿಯೋ ಪೆಟ್ಟಿಗೆಗಳ ಹಲಗೆ. ‘ಸಾರ್ವಜನಿಕರ ಆಕ್ರೋಶ’ ಎಂದು ಅದನ್ನೂ ಬರೆದೆ.

12, ರವಿವಾರ. ಬೆಳಿಗ್ಗೆ 11
ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಗುಲಾಬಸಾಬನ ಹೆಂಡತಿ ರೆಹಮತ್‌ಬಿ. ಅಳಲಿಲ್ಲ. ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು. ಆ ದೊಡ್ಡ ಸೆಟ್ ಉಪ್ಪಿನಬೆಟಗೇರಿಯ ಗುರುಶಿದ್ದಪ್ಪ ಮಾಸ್ತರರದು. ರಿಪೇರಿಗೆ ಕೊಟ್ಟ ತಾರೀಖು, ಕೆಳಗೆ ಅವರ ಸಹಿ.

“ಪೇಪರನ್ಯಾಗ ಬರದವರು ನೀವ ಏನ್ರಿ?”

“ಹೌದ್ರಿ.”

“ಬರಿಯೂಕಿಂತ ಮೊದಲ ನಮ್ಮ ಅಂಗಡಿಗೆ ಬಂದಿದ್ರಿ?”

“ಇಲ್ಲ.”

“ನಮ್ಮನ್ಯಾಗ ಯಾರನ್ನರ ಕೇಳಿದ್ರಿ?”

“ಇಲ್ರಿ…”

“ಮತ್ತ ಹ್ಯಾಂಗ ಬರದ್ರಿ?”

ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಯಾರೂ ಹೀಗೆ ಕೇಳಿರಲಿಲ್ಲ.

14, ಮಂಗಳವಾರ
ಬಸ್ಸಿನಲ್ಲಿ ಧಾರವಾಡ, ಅಲ್ಲಿಂದ ಉಪ್ಪಿನಬೆಟಗೇರಿ. ಯಾವ ಪತ್ರಿಕೆಯಿಂದ ಬಂದೆನೆಂದು ಹೇಳಿದ್ದೇ ತಡ, ಗುರುಶಿದ್ದಪ್ಪ ಮಾಸ್ತರರು ಬಾಗಿಲು ಹಾಕಿಕೊಳ್ಳಲು ನೋಡಿದರು.

“ಸೆಟ್ ನಂದೇರಿ. ಆದ್ರ ಪೇಪರನ್ಯಾಗ ಹಂಗ ಬಂದಮ್ಯಾಲೆ ನಂದು ಅಂತ ಹ್ಯಾಂಗ ಹೇಳ್ಲಿ? ಸರ್ಕಾರಿ ನೌಕರಿ, ಮೂರು ಮಕ್ಕಳು…”

ಬೇಡಿಕೊಂಡೆ. ಬಹಳ ಹೊತ್ತಿನ ಮೇಲೆ ಸೆಟ್ ತಮ್ಮದೆಂದು ಬರೆದುಕೊಟ್ಟರು. ಆ ಕಾಗದವನ್ನು ಒಯ್ದು ಫೌಜದಾರರ ಮೇಜಿನ ಮೇಲಿಟ್ಟೆ.

“ವಿಚಾರಣೆ ನಡದೈತಿ, ನೋಡ್ತೇವಿ. ಅಲ್ರೀ, ನಾ ಫೋನಿನ್ಯಾಗ ಸಂಶಯ ಅಂದಿದ್ದೆ. ಬೇಹುಗಾರ ಅಂದವರು ನೀವು.”

ಜಾರಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕಚೇರಿಗೆ ಬಂದು ನೋಟ್‌ಬುಕ್ ತೆಗೆದೆ. ಇದೆ. ನನ್ನದೇ ಅಕ್ಷರ — ‘ಸಂಶಯದ ಮೇಲೆ’. ತಲೆಬರಹ ರಾಯರದು, ನಿಜ. ಒಳಗಿನ ಸಾಲುಗಳು ನನ್ನವು. ಅಲ್ಲಿಯೂ ಆ ಪದವಿಲ್ಲ. ಮರೆತದ್ದಲ್ಲ. ಇದ್ದರೆ ಸುದ್ದಿ ಸಪ್ಪೆಯಾಗುತ್ತದೆಂದು ಬಿಟ್ಟದ್ದು.

15, ಬುಧವಾರ
ತಿದ್ದುಪಡಿ ಬರೆದೊಯ್ದೆ. ರಾಯರು ಓದಿ ಡ್ರಾಯರ್‌ಗೆ ಹಾಕಿದರು.

“ಖರೇ ಅದ, ಒಪ್ಪತೀನಿ. ಆದ್ರ ಈಗ ಲಡಾಯಿ ನಡದದ. ಈ ಹೊತ್ತಿನ್ಯಾಗ ನಾವು ತಪ್ಪು ಬರದೇವಿ ಅಂದ್ರ ನಾಳೆ ನಮ್ಮ ಯಾವ ಸುದ್ದೀನೂ ಮಂದಿ ನಂಬೂದಿಲ್ಲ. ಪೇಪರಿಗೆ ಇರೂದು ವಿಶ್ವಾಸ ಒಂದ ನೋಡಪಾ.”

ವಿಶ್ವಾಸ ಉಳಿಯಲೆಂದು ಸುಳ್ಳನ್ನು ಉಳಿಸಬೇಕು. ಎದುರಾಡಬೇಕಿತ್ತು. ಹೋಗಿ ಟೆಲಿಪ್ರಿಂಟರ್ ಮುಂದೆ ಕೂತೆ.

23, ಗುರುವಾರ
ಯುದ್ಧ ನಿಂತಿತು. ತಿದ್ದುಪಡಿ ಹಾಕಿರೆಂದು ರಾಯರನ್ನು ಮತ್ತೆ ಕೇಳಿದೆ. “ಆತು, ನೋಡೂಣು.” ಗುಲಾಬಸಾಬ ಇನ್ನೂ ಒಳಗೇ.

29, ಬುಧವಾರ
ಮೊನ್ನೆ ಗುಲಾಬಸಾಬರನ್ನು ಬಿಟ್ಟಿದ್ದಾರೆ. ಆರೋಪವೇ ಇಲ್ಲ. ಇಂದು ನಮ್ಮಲ್ಲಿ ನಾಲ್ಕು ಸಾಲು — ಮೂರನೆಯ ಪುಟ, ಹಲ್ಲುಪುಡಿಯ ಜಾಹೀರಾತಿನ ಕೆಳಗೆ. ‘ರೇಡಿಯೋ ರಿಪೇರಿಯವನ ಬಿಡುಗಡೆ’. ನಾನು ಬರೆದಿದ್ದ ‘ನಮ್ಮ ವರದಿ ತಪ್ಪು’ ಇಲ್ಲ. ‘ವಿಷಾದಿಸುತ್ತೇವೆ’ ಕೂಡ ಇಲ್ಲ.

ಶಿದ್ದಪ್ಪನ ಅಂಗಡಿಯಲ್ಲಿ ಯಾರೂ ಅದನ್ನು ಓದಿರಲಿಲ್ಲ. ನಾನೇ ಎಲ್ಲರಿಗೂ ಕೇಳುವಂತೆ ಹೇಳಿದೆ — ಆ ಮನುಷ್ಯ ನಿರಪರಾಧಿ, ನಾನು ಬರೆದದ್ದು ಸುಳ್ಳು. ಶಿದ್ದಪ್ಪ ಹತ್ತಿರ ಬಂದು ದನಿ ತಗ್ಗಿಸಿದ.

“ಯಾರರ ಹೆದರ್ಸ್ಯಾರೇನ್ರಿ ನಿಮ್ಮನ್ನ? ಅಷ್ಟು ದೊಡ್ಡ ಅಕ್ಷರದಾಗ ಬಂದಿತ್ತು. ಸುಳ್ಳು ಹ್ಯಾಂಗ ಆಗತೈತಿ?”

ಪತ್ರಿಕೆಯನ್ನು ನಂಬುತ್ತಾನೆ. ಬರೆದವನನ್ನು ನಂಬುವುದಿಲ್ಲ.

11 ಅಕ್ಟೋಬರ್, ಸೋಮವಾರ
ಇಷ್ಟು ದಿನ ಬರೆಯಲಿಲ್ಲ. ಇಲ್ಲಿ ಬರೆಯಲಿಲ್ಲ, ಅಷ್ಟೆ. ಕಚೇರಿಯಲ್ಲಿ ದಿನಾ ಬರೆದೆ.

ಇಂದು ಗುಲಾಬಸಾಬರ ಮನೆಗೆ ಹೋದೆ. ಐವತ್ತು ದಾಟಿದ ಮನುಷ್ಯ. ಮುಖ ನೋಡಿದ್ದು ಇದೇ ಮೊದಲು. ಕೂರಿಸಿದರು, ನೀರು ಕೊಡಿಸಿದರು. ಬಲಗೈಯ ಎರಡು ಬೆರಳು ಬಾಗುತ್ತಿಲ್ಲ. ಹೇಗಾಯಿತೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ. ಆ ಕೈಯಿಂದ ಇನ್ನು ತಂತಿ ಬೆಸೆಯುವುದು ಆಗದು. ಸೆಟ್ ತರುವವರೂ ಇಲ್ಲ. ಮಗಳು ಮದೀನಾಬಿಯ ನಿಶ್ಚಯ ಮುರಿದಿದೆ.

ಕ್ಷಮೆ ಕೇಳಿದೆ.

“ನಿಮಗ ಏನ್ ಅನ್ಲಿ ಸಾಹೇಬ್ರ? ಎಷ್ಟೋ ವರ್ಷ ಆತು, ದಿನಾ ನಿಮ್ಮ ಪೇಪರ್ ಓದತಿದ್ದೆ. ಇನ್ನೊಬ್ಬರ ಮ್ಯಾಲೆ ಹಿಂಗ ಬಂದಿದ್ರ ನಾನೂ ಖರೇ ಅಂತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು.

16, ಶನಿವಾರ
ಎಲ್ಲವನ್ನೂ ಬರೆದೆ. ಫೋನ್, ಬಿಟ್ಟ ಪದ, ಒಡೆದ ಅಂಗಡಿ, ಆ ಬೆರಳು. ಕೆಳಗೆ ನನ್ನ ಹೆಸರು. ರಾಯರು ಎರಡು ಸಾಲು ಓದಿ ಮರಳಿಸಿದರು.

“ನಿನಗ ಹುಚ್ಚು ಹಿಡದದೇನು?”

ರಾಜೀನಾಮೆ ಬರೆದುಕೊಟ್ಟೆ. ತಡೆಯಲಿಲ್ಲ. ಅದೇ ಬರಹವನ್ನು ಬೇರೊಂದು ಪ್ರೆಸ್ಸಿನಲ್ಲಿ ಹ್ಯಾಂಡ್‌ಬಿಲ್‌ ಮಾಡಿಸಲು ಕೊಟ್ಟು ಬಂದೆ.

19, ಮಂಗಳವಾರ. ಮಧ್ಯಾಹ್ನ 2, ಹುಬ್ಬಳ್ಳಿ ಸ್ಟೇಷನ್
ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗುಲಾಬಸಾಬರ ಸಂಸಾರ ಮೀರಜಿಗೆ ಹೊರಟುಹೋಯಿತು, ರೆಹಮತ್‌ಬಿಯ ಅಣ್ಣನ ಮನೆಗೆ. ಇನ್ನು ಬರುವುದಿಲ್ಲ. ಸುದ್ದಿ ತಿಳಿದು ಶಾಯಿ ಒಣಗದ ಹ್ಯಾಂಡ್‌ಬಿಲ್ ಕಟ್ಟನ್ನೇ ಹಿಡಿದು ಓಡಿಬಂದಿದ್ದೆ. ಒಂದು ಪ್ರತಿ ಗುಲಾಬಸಾಬರ ಕೈಗಿಟ್ಟೆ. ನಿಂತೇ ಪೂರ್ತಿ ಓದಿದರು. ಮಡಿಸಿ ನನಗೇ ಕೊಟ್ಟರು.

“ಛಲೋ ಬರದೀರಿ. ಒಂದ ಮಾತು ನಡಸ್ಕೊಡ್ರಿ. ಗಾಡಿ ಹೋದಮ್ಯಾಲೆ ಹಂಚ್ರಿ. ಈಗ ಹಂಚಿದ್ರ ಮಂದಿ ನನ್ನ ಗುರ್ತ ಹಿಡೀತಾರ.”

ರೆಹಮತ್‌ಬಿ ನನ್ನತ್ತ ನೋಡಲೇ ಇಲ್ಲ.

ಗಾಡಿ ಹೋಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಮೊದಲ ಹ್ಯಾಂಡ್‌ಬಿಲ್ ಕೊಟ್ಟೆ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಹಿಂದೆ ಮುಂದೆ ತಿರುವಿ ನೋಡಿದರು.

“ಇದು ಯಾವ ಪೇಪರನ್ಯಾಗ ಬಂದೈತ್ರಿ?”

“ಯಾವುದರಾಗೂ ಬಂದಿಲ್ರಿ. ಆದ್ರ ಖರೇ ಐತಿ.”

ತಲೆಯಾಡಿಸಿದರು. ಹಾಳೆಯನ್ನು ಬೆಂಚಿನ ಮೇಲೆ ಹಾಸಿ, ಅದರ ಮೇಲೆ ಬುತ್ತಿ ಬಿಚ್ಚಿದರು. ರೊಟ್ಟಿ, ಪಲ್ಯೆ. ಎಣ್ಣೆ ಮೊದಲು ನನ್ನ ಹೆಸರಿಗೆ ಇಳಿಯಿತು, ಆಮೇಲೆ ಮೇಲಿನ ಸಾಲಿಗೆ… ಉಳಿದ ಕಟ್ಟು ತೊಡೆಯ ಮೇಲಿದೆ. ಇನ್ನೊಬ್ಬರು ಈ ಕಡೆಗೇ ಬರುತ್ತಿದ್ದಾರೆ. ಏಳಬೇಕು. ಕೊಡುವಾಗ ಈ ಸಲ ಏನು ಹೇಳಿ ನಂಬಿಸಲಿ —